ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100: ಹಳೆ ಗಾಡಿಯ ಐಡ್ಲಿಂಗ್ ಮಿಕ್ಸ್ಚರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350, ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ, ಯಮಹಾ ಆರ್‌ಎಕ್ಸ್ 100, ಇಂಥ ಗಾಡಿಗಳನ್ನು ಈಗಲೂ ದಿನಾ ಓಡಿಸುವವರಿಗಾಗಿ ಈ ಪುಟ. ಉದಾಹರಣೆಗೆ ತೆಗೆದುಕೊಂಡಿರುವುದು ಮಿಕುನಿ ವಿಎಂ ಮಾದರಿಯ, ಸ್ಲೈಡ್ (ಆಕ್ಸಿಲರೇಟರ್ ತಿರುವಿದಾಗ ಮೇಲೇಳುವ ಉರುಳೆ) ಇರುವ ಕಾರ್ಬೊರೇಟರ್. ಬುಲೆಟ್ 350ರಲ್ಲಿ ಬರುವ ಮಿಕ್‌ಕಾರ್ಬ್ ವಿಎಂ 24 ಇದೇ ಜಾತಿಯದು. ಕಾರುಗಳ ಬಗ್ಗೆ ಕೊನೆಯ ಕಡೆ ಒಂದು ಪ್ರಶ್ನೆ ಇದೆ.

ಮಿಕ್ಸ್ಚರ್ ಸ್ಕ್ರೂ ಯಾವ ಕೆಲಸ ಮಾಡುತ್ತದೆ?

ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಅಂದರೆ ಐಡ್ಲಿಂಗ್‌ನಲ್ಲಿ, ಎಂಜಿನ್ನಿಗೆ ಬೇಕಾದ ಪೆಟ್ರೋಲ್ ಪೈಲಟ್ ಜೆಟ್ ಎಂಬ ಸಣ್ಣ ರಂಧ್ರದ ಹಿತ್ತಾಳೆ ತುಂಡಿನ ಮೂಲಕ ಬರುತ್ತದೆ. ಆ ಪೆಟ್ರೋಲಿಗೆ ಎಷ್ಟು ಗಾಳಿ ಸೇರಬೇಕು ಅನ್ನುವುದನ್ನು ಮಿಕ್ಸ್ಚರ್ ಸ್ಕ್ರೂ ತೀರ್ಮಾನಿಸುತ್ತದೆ. ಇದರ ಹಿಡಿತ ಇರುವುದು ಐಡ್ಲಿಂಗ್‌ನಿಂದ ಸುಮಾರು ಎಂಟನೇ ಒಂದು ಭಾಗ ಆಕ್ಸಿಲರೇಟರ್ ತೆರೆಯುವವರೆಗೆ ಮಾತ್ರ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳಅಂಚಿನ ಕತ್ತರಿಕೆ, ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಿಂದ ಇಳಿಬಿದ್ದ ನೀಡಲ್ (ಉದ್ದ ಸೂಜಿ), ಅದರಾಚೆ ಮೇನ್ ಜೆಟ್.

ಹಾಗಾಗಿ ಹೈವೇಯಲ್ಲಿ 60ರ ಮೇಲೆ ಗಾಡಿ ಎಳೆಯುತ್ತಿಲ್ಲ ಅಂತ ಈ ಸ್ಕ್ರೂ ತಿರುಗಿಸುವುದು ವ್ಯರ್ಥ. ಸಿಗ್ನಲ್‌ನಲ್ಲಿ ಆಫ್ ಆಗುವುದು, ಕ್ಲಚ್ ಬಿಡುವಾಗ ಮುಗ್ಗರಿಸುವುದು, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅನ್ನುವುದು, ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ.

ಕಾರ್ಬೊರೇಟರಿನಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಯಾವುದು ಯಾವುದು?

ದಪ್ಪನೆಯದು, ಸ್ಲೈಡಿನ ಪಕ್ಕಕ್ಕೆ ಒರಗುವಂತೆ ಕೂತಿರುವುದು ಐಡ್ಲಿಂಗ್ ಸ್ಕ್ರೂ. ಅದು ಸ್ಲೈಡನ್ನು ಮೇಲೆತ್ತುತ್ತದೆ, ಇಳಿಸುತ್ತದೆ, ಅಷ್ಟೇ. ಗ್ಯಾರೇಜುಗಳಲ್ಲಿ ‘ಸ್ಲೋ ಜಾಸ್ತಿ ಮಾಡು’ ಅಂದಾಗ ತಿರುಗಿಸುವುದು ಇದನ್ನೇ. ಇನ್ನೊಂದು ಚಿಕ್ಕದು. ತುದಿ ಸೂಜಿಯ ಹಾಗೆ ಚೂಪಾಗಿದ್ದು, ಕಾರ್ಬೊರೇಟರಿನ ಮೈಯೊಳಗೆ ಹುದುಗಿರುತ್ತದೆ. ಅದೇ ಮಿಕ್ಸ್ಚರ್ ಸ್ಕ್ರೂ.

ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸುವುದು ತುಂಬಾ ಸಾಮಾನ್ಯ ತಪ್ಪು. ಮಿಕ್ಸ್ಚರ್ ಕೆಟ್ಟಿದ್ದಾಗ ಗಾಡಿ ಆಫ್ ಆಗದಿರಲಿ ಅಂತ ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿದರೆ ಸ್ಲೈಡ್ ಮೇಲೇಳುತ್ತದೆ. ಆಮೇಲೆ ಎಂಜಿನ್ ಪೈಲಟ್ ಜೆಟ್ ಒಂದರ ಮೇಲೇ ನಿಂತಿರುವುದಿಲ್ಲ. ಆಗ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಿಗಿ ಮಾಡಿದರೆ ಪೆಟ್ರೋಲ್ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಬ್ಬರೂ ಸರಿ ಇರಬಹುದು, ಏಕೆಂದರೆ ಮಿಕ್ಸ್ಚರ್ ಸ್ಕ್ರೂನಲ್ಲಿ ಎರಡು ಜಾತಿ ಇವೆ. ಬೇರೇನೂ ಓದದಿದ್ದರೂ ಇದೊಂದನ್ನು ಓದಿ.

ಸ್ಕ್ರೂ ಇರುವ ಜಾಗ ನೋಡಿ. ಸ್ಲೈಡಿಗಿಂತ ಹಿಂದೆ, ಅಂದರೆ ಏರ್ ಫಿಲ್ಟರ್ ಕಡೆ ಇದ್ದರೆ ಅದು ಏರ್ ಸ್ಕ್ರೂ. ಅದು ಗಾಳಿಯನ್ನು ಮಾತ್ರ ನಿಯಂತ್ರಿಸುತ್ತದೆ. ಬಿಗಿ ಮಾಡಿದರೆ ಗಾಳಿ ಕಡಿಮೆ, ಮಿಶ್ರಣ ರಿಚ್ (ಪೆಟ್ರೋಲ್ ಪಾಲು ಹೆಚ್ಚು). ಸಡಿಲಿಸಿದರೆ ಗಾಳಿ ಹೆಚ್ಚು, ಮಿಶ್ರಣ ಲೀನ್ (ಪೆಟ್ರೋಲ್ ಪಾಲು ಕಡಿಮೆ). ಬುಲೆಟ್‌ನ ವಿಎಂ 24, ಆರ್‌ಎಕ್ಸ್ 100ರ ವಿಎಂ 20 ಎರಡರಲ್ಲೂ ಇರುವುದು ಇದು.

ಸ್ಲೈಡಿಗೂ ಎಂಜಿನ್ನಿಗೂ ನಡುವೆ ಇದ್ದರೆ ಅದು ಫ್ಯುಯೆಲ್ ಸ್ಕ್ರೂ. ಅಲ್ಲಿ ಪೆಟ್ರೋಲ್ ಆಗಲೇ ಸ್ವಲ್ಪ ಗಾಳಿಯ ಜೊತೆ ಬೆರೆತಿರುತ್ತದೆ. ಆ ಮಿಶ್ರಣ ಎಷ್ಟು ಒಳಹೋಗಬೇಕು ಅನ್ನುವುದನ್ನು ಈ ಸ್ಕ್ರೂ ಹಿಡಿಯುತ್ತದೆ. ಆದ್ದರಿಂದ ಎಲ್ಲ ತಲೆಕೆಳಗು: ಬಿಗಿ ಮಾಡಿದರೆ ಲೀನ್, ಸಡಿಲಿಸಿದರೆ ರಿಚ್. ರಬ್ಬರ್ ಡಯಾಫ್ರಂ ಇರುವ ನಂತರದ ಕಾಲದ ಕಾರ್ಬೊರೇಟರುಗಳಲ್ಲಿ ಇದೇ ಇರುತ್ತದೆ, ಹಲವು ಸಲ ಕೆಳಮುಖವಾಗಿ, ಬೌಲಿನ (ಪೆಟ್ರೋಲ್ ನಿಲ್ಲುವ ತಳದ ಬಟ್ಟಲು) ಎದುರಿಗೆ.

ಗಾಡಿಯ ಕಾರ್ಬೊರೇಟರನ್ನು ಹಿಂದಿನ ಮಾಲೀಕರು ಬದಲಿಸಿರಬಹುದು. ಮಾಡೆಲ್ ಹೆಸರು ನೋಡಿ ತೀರ್ಮಾನಿಸಬೇಡಿ, ಸ್ಕ್ರೂ ಇರುವ ಜಾಗ ನೋಡಿ ತೀರ್ಮಾನಿಸಿ.

ಸ್ಕ್ರೂಗೆ ಕೈ ಹಾಕುವ ಮೊದಲು ಏನೇನು ನೋಡಬೇಕು?

ಮಿಕ್ಸ್ಚರ್ ಹೊಂದಿಸುವುದು ಕಟ್ಟಕಡೆಯ ಕೆಲಸ. ಅದಕ್ಕಿಂತ ಮೊದಲಿನದು ಸರಿಯಿಲ್ಲದಿದ್ದರೆ ಇವತ್ತು ಹೊಂದಿಸಿದ್ದು ನಾಳೆ ಬೆಳಿಗ್ಗೆ ಕೈಕೊಡುತ್ತದೆ.

ಏರ್ ಫಿಲ್ಟರ್ ಸ್ವಚ್ಛವಾಗಿದ್ದು ತನ್ನ ಜಾಗದಲ್ಲೇ ಕೂತಿರಲಿ. ಫಿಲ್ಟರ್ ತೆಗೆದು ಹೊಂದಿಸಿ, ಆಮೇಲೆ ಹಾಕಿದರೆ ಮಿಶ್ರಣ ರಿಚ್ ಆಗುತ್ತದೆ.

ಪ್ಲಗ್ ಗ್ಯಾಪ್ ಮತ್ತು ಪಾಯಿಂಟ್ (ಕಿಡಿ ಹಾರಿಸಲು ತೆರೆದು ಮುಚ್ಚುವ ಸ್ವಿಚ್) ಗ್ಯಾಪ್ ನೋಡಿ. ಕಾಸ್ಟ್ ಐರನ್ ಬುಲೆಟ್‌ನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಕಿಡಿಯ ಟೈಮಿಂಗ್ ಹಿಂದೆ ಸರಿದಿದ್ದರೆ ಐಡ್ಲಿಂಗ್ ಮಂಕಾಗುತ್ತದೆ, ಅದನ್ನು ಕಾರ್ಬೊರೇಟರಿನ ತಪ್ಪು ಅಂದುಕೊಳ್ಳುವುದು ಸುಲಭ. ಇದೇ ಬುಲೆಟ್‌ನಲ್ಲಿ ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸುವುದು ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿದ್ದಾಗ: ಪುಶ್ ರಾಡ್ ಬೆರಳಿನಲ್ಲಿ ಸಲೀಸಾಗಿ ಸುತ್ತಬೇಕು, ಮೇಲೆ ಕೆಳಗೆ ಆಡಬಾರದು.

ಆಕ್ಸಿಲರೇಟರ್ ಕೇಬಲ್ಲಿನಲ್ಲಿ 2–3 ಮಿ.ಮೀ. ಸಡಿಲ ಇರಲಿ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ರೇಸ್ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ.

ಚೋಕ್ ಪೂರ್ತಿ ಮುಚ್ಚಿರಬೇಕು. ವಿಎಂ ಕಾರ್ಬೊರೇಟರಿನ ಚೋಕ್ ಗಾಳಿಗೆ ಅಡ್ಡ ಬರುವ ತಗಡಲ್ಲ, ಹೆಚ್ಚುವರಿ ಪೆಟ್ರೋಲ್ ಬಿಡುವ ಸಣ್ಣ ಪ್ಲಂಜರ್. ಅದರ ತಳದ ರಬ್ಬರ್ ಸವೆದಿದ್ದರೆ ಲಿವರ್ ಕೆಳಗಿದ್ದರೂ ಪೆಟ್ರೋಲ್ ನುಸುಳುತ್ತಲೇ ಇರುತ್ತದೆ.

ಬೌಲಿನ ಓವರ್‌ಫ್ಲೋ ಪೈಪಿನಲ್ಲಿ ಪೆಟ್ರೋಲ್ ಜಿನುಗುತ್ತಿದ್ದರೆ ಮೊದಲು ಫ್ಲೋಟ್ ಮತ್ತು ನೀಡಲ್ ವಾಲ್ವ್ ಸರಿ ಮಾಡಿಸಿ.

ಸರಿ, ಈಗ ಹೊಂದಿಸುವ ಕ್ರಮ ಹೇಳಿ.

ಬೇಕಾದ್ದು ಇಷ್ಟೇ: ಸ್ಕ್ರೂವಿನ ತಲೆಯ ಸೀಳಿಗೆ ಸರಿಯಾಗಿ ಕೂರುವ ಗಿಡ್ಡ ಸ್ಕ್ರೂಡ್ರೈವರ್, ಒಂದು ಚೀಟಿ, ಪೆನ್ನು. ಬಯಲಿನಲ್ಲಿ ಮಾಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಪ್ರಾಣಕ್ಕೇ ಅಪಾಯ.

1. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬನ್ನಿ. ನಿಂತಲ್ಲೇ ಬಿಸಿ ಮಾಡಿದರೆ ಎಂಜಿನ್ ಸಮನಾಗಿ ಬಿಸಿಯಾಗುವುದಿಲ್ಲ.

2. ಎಂಜಿನ್ ಆಫ್ ಮಾಡಿ. ಮಿಕ್ಸ್ಚರ್ ಸ್ಕ್ರೂ ಈಗ ಎಷ್ಟು ತೆರೆದಿದೆ ನೋಡಿ: ಒಳಕ್ಕೆ ತಿರುಗಿಸುತ್ತಾ ಸುತ್ತು ಎಣಿಸಿ, ತಳ ತಾಗಿದ್ದು ಬೆರಳಿಗೆ ಗೊತ್ತಾದ ಕೂಡಲೇ ನಿಲ್ಲಿಸಿ. ಆ ಲೆಕ್ಕ ಚೀಟಿಯಲ್ಲಿ ಬರೆಯಿರಿ. ಏನಾದರೂ ಎಡವಟ್ಟಾದರೆ ಮತ್ತೆ ಅಲ್ಲಿಗೇ ಹೋಗಬಹುದು. ಸ್ಕ್ರೂಡ್ರೈವರನ್ನು ಎರಡು ಬೆರಳಲ್ಲಿ ಮಾತ್ರ ಹಿಡಿಯಿರಿ, ಮುಷ್ಟಿಯಲ್ಲಿ ಬೇಡ.

3. ತಳದಿಂದ ಒಂದೂವರೆ ಸುತ್ತು ಹೊರಕ್ಕೆ ಬನ್ನಿ. ನಿಮ್ಮ ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

4. ಎಂಜಿನ್ ಶುರು ಮಾಡಿ. ಐಡ್ಲಿಂಗ್ ಸ್ಕ್ರೂನಿಂದ ಎಂಜಿನ್ ಆಫ್ ಆಗದೆ ತಾನಾಗಿ ಓಡುತ್ತಿರುವಷ್ಟು ಮಾತ್ರ ವೇಗ ಕೊಡಿ, ಮಾಮೂಲಿಗಿಂತ ಒಂಚೂರು ಮೇಲಿದ್ದರೆ ಸಾಕು.

5. ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಸಡಿಲಿಸಿ, ಹತ್ತು ಸೆಕೆಂಡ್ ಕಾಯಿರಿ, ಕೇಳಿ. ಮತ್ತೆ ಕಾಲು ಸುತ್ತು. ವೇಗ ಏರುತ್ತಾ ಹೋಗಿ ಒಂದು ಕಡೆ ಇಳಿಯಲು ಶುರುವಾಗುತ್ತದೆ ಅಥವಾ ಮಿಸ್ಸಿಂಗ್ ಬರುತ್ತದೆ. ಆ ಜಾಗ ನೆನಪಿಡಿ. ಈಗ ವಾಪಸ್ ಬಿಗಿ ಮಾಡುತ್ತಾ ಬನ್ನಿ. ಇನ್ನೊಂದು ಬದಿಯಲ್ಲೂ ವೇಗ ಇಳಿಯುವ ಜಾಗ ಸಿಗುತ್ತದೆ. ಏರ್ ಸ್ಕ್ರೂ ಆದರೆ ಈ ಬದಿಯಲ್ಲಿ ಸದ್ದು ಭಾರವಾಗುತ್ತದೆ, ಸೈಲೆನ್ಸರಿನಿಂದ ಹಸಿ ಪೆಟ್ರೋಲ್ ವಾಸನೆ ಬರುತ್ತದೆ. ಈ ಎರಡರ ನಡುವೆ, ಎಂಜಿನ್ ಅತಿ ವೇಗವಾಗಿ, ಅತಿ ನಯವಾಗಿ ಓಡುವ ಜಾಗದಲ್ಲಿ ನಿಲ್ಲಿಸಿ. ಕೊನೆಗೆ ಎಂಟನೇ ಒಂದು ಸುತ್ತಿನಷ್ಟು ಆಚೀಚೆ ಮಾಡಿ ನೋಡಬಹುದು.

6. ಮಿಕ್ಸ್ಚರ್ ಸರಿಯಾದ ಕೂಡಲೇ ಐಡ್ಲಿಂಗ್ ವೇಗ ತಾನೇ ಏರಿರುತ್ತದೆ. ಐಡ್ಲಿಂಗ್ ಸ್ಕ್ರೂ ಸಡಿಲಿಸಿ ಅದನ್ನು ಇಳಿಸಿ. ಸ್ಲೈಡ್ ಕೆಳಗಿಳಿದಿದ್ದರಿಂದ ಈಗ 5ನೇ ಹಂತವನ್ನು ಮತ್ತೊಮ್ಮೆ ಮಾಡಬೇಕು. ಎರಡು ಮೂರು ಸಲಕ್ಕೆ ಎರಡೂ ಸ್ಕ್ರೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

7. ಆಕ್ಸಿಲರೇಟರನ್ನು ಚಕ್ಕನೆ ತಿರುವಿ ಬಿಡಿ. ವೇಗ ನೇರವಾಗಿ ಐಡ್ಲಿಂಗ್‌ಗೆ ಬಂದು ನಿಂತರೆ ಸರಿ. ಮೇಲೇ ತೂಗಾಡಿ ನಿಧಾನಕ್ಕೆ ಇಳಿದರೆ ಲೀನ್. ಐಡ್ಲಿಂಗ್‌ಗಿಂತ ಕೆಳಗೆ ಬಿದ್ದು ಮತ್ತೆ ಚೇತರಿಸಿಕೊಂಡರೆ ಅಥವಾ ಆಫ್ ಆದರೆ ರಿಚ್.

ಇಡೀ ಕೆಲಸಕ್ಕೆ ಒಂದೇ ಸಮ ಹತ್ತು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಗಾಳಿಯಿಂದ ತಣಿಯುವ ಎಂಜಿನ್ ನಿಂತಲ್ಲೇ ಓಡಿದರೆ ಅತಿಯಾಗಿ ಕಾಯುತ್ತದೆ, ಆಗ ಸಿಕ್ಕ ಸೆಟ್ಟಿಂಗ್ ರಸ್ತೆಯಲ್ಲಿ ಸುಳ್ಳಾಗುತ್ತದೆ. ಮುಂದೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಒಳ್ಳೆಯದು, ಇಲ್ಲವೇ ನಡುವೆ ಒಂದು ಸುತ್ತು ಓಡಿಸಿ ಬನ್ನಿ.

ನನ್ನ ಗಾಡಿಗೆ ಆರ್‌ಪಿಎಂ ಮೀಟರ್ ಇಲ್ಲ. ಕಿವಿಯನ್ನೇ ನಂಬಬೇಕೇ?

ಅತಿ ಹೆಚ್ಚು ವೇಗ ಎಲ್ಲಿ ಅನ್ನುವುದನ್ನು ಹುಡುಕಲು ಕಿವಿ ಸಾಕು. ಅಂಕಿಯೇ ಬೇಕೆಂದರೆ ಮೊಬೈಲಿನಲ್ಲಿ ಸೈಲೆನ್ಸರ್ ಸದ್ದನ್ನು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ನಿಧಾನ ಮಾಡಿ ಕೇಳುತ್ತಾ ಅದರಲ್ಲಿ ಒಟ್ಟು ಎಷ್ಟು ಬಡಿತ ಎಂದು ಎಣಿಸಿ. ಬುಲೆಟ್ ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಬಡಿತ: ಹತ್ತು ಸೆಕೆಂಡಿಗೆ 83 ಬಡಿತ ಬಂದರೆ ಸುಮಾರು 1000 ಆರ್‌ಪಿಎಂ. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್‌ನಲ್ಲಿ ಸುತ್ತಿಗೊಂದು ಬಡಿತ, ಅಷ್ಟೇ ಎಣಿಕೆಗೆ ಆರ್‌ಪಿಎಂ ಸುಮಾರು 500.

ಪ್ಲಗ್ ವೈರಿಗೆ ಸುತ್ತುವ ಡಿಜಿಟಲ್ ಮೀಟರ್ ಬಳಸುವುದಾದರೆ ಅದರ ಸೆಟ್ಟಿಂಗ್ ನೋಡಿಕೊಳ್ಳಿ. ಪಾಯಿಂಟ್ ಇರುವ ಬುಲೆಟ್‌ನಲ್ಲಿ ಎರಡು ಸುತ್ತಿಗೊಂದು ಕಿಡಿ, ಆರ್‌ಎಕ್ಸ್ 100ರಲ್ಲಿ ಪ್ರತಿ ಸುತ್ತಿಗೂ ಕಿಡಿ. ಸೆಟ್ಟಿಂಗ್ ತಪ್ಪಿದರೆ ಅಂಕಿ ಅರ್ಧ ಅಥವಾ ದುಪ್ಪಟ್ಟು ತೋರಿಸುತ್ತದೆ.

ಬುಲೆಟ್ ನಿಧಾನಕ್ಕೆ ಬಡಿಯುವ ಹಾಗೆ ಎಷ್ಟು ಕೆಳಗೆ ಇಳಿಸಬಹುದು?

ಆ ಸದ್ದಿನ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಆದರೂ 900ಕ್ಕಿಂತ ಕೆಳಗೆ ಬೇಡ, 1000ದ ಆಸುಪಾಸು ಇರಲಿ. ಕಾಸ್ಟ್ ಐರನ್ ಬುಲೆಟ್‌ನ ಆಯಿಲ್ ಪಂಪ್ ಎಂಜಿನ್ ವೇಗಕ್ಕೆ ತಕ್ಕಂತೆ ತಳ್ಳುತ್ತದೆ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾಗಿರುವಾಗ ವೇಗವೂ ತೀರಾ ಕಡಿಮೆಯಿದ್ದರೆ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಬೇರಿಂಗ್) ಹೋಗುವ ಆಯಿಲ್ ಸಾಲದಾಗುತ್ತದೆ. ಬ್ಯಾಟರಿಯೂ ಚಾರ್ಜ್ ಆಗುವುದಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಲ್ಲುವವರಿಗೆ ಇದು ಬೇಗ ಗೊತ್ತಾಗುತ್ತದೆ. ಬಿಗ್ ಎಂಡ್ ಕೆಲಸ ಅಂದರೆ ಕ್ರ್ಯಾಂಕ್ ಬಿಚ್ಚುವ ಕೆಲಸ. ಸದ್ದಿಗಾಗಿ ಅಷ್ಟು ದೊಡ್ಡ ಬೆಲೆ ಕೊಡುವುದು ಬೇಡ.

100 ಸಿ.ಸಿ. ಆಸುಪಾಸಿನ ಸಣ್ಣ ಎಂಜಿನ್ನುಗಳಿಗೆ ಸಾಮಾನ್ಯವಾಗಿ 1300ರಿಂದ 1500 ಬೇಕಾಗುತ್ತದೆ.

ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ವ್ಯತ್ಯಾಸವಿಲ್ಲ. ಯಾಕೆ?

ಒಂದು ಕಾರಣ ಮೇಲೆ ಹೇಳಿದ್ದು: ಐಡ್ಲಿಂಗ್ ಸ್ಕ್ರೂ ಹೆಚ್ಚು ಬಿಗಿಯಾಗಿ ಸ್ಲೈಡ್ ಎತ್ತರದಲ್ಲಿದೆ. ಅದಲ್ಲದಿದ್ದರೆ ಬಹುಪಾಲು ಪೈಲಟ್ ಜೆಟ್ ಕಟ್ಟಿಕೊಂಡಿರುತ್ತದೆ. ಅದರ ರಂಧ್ರ ಅರ್ಧ ಮಿಲಿಮೀಟರಿಗೂ ಸಣ್ಣದು. ಗಾಡಿ ಎರಡು ತಿಂಗಳು ನಿಂತರೆ ಬೌಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ, ಅಂಟಂಟು ಪದರ ಮೊದಲು ಕೂರುವುದು ಅಲ್ಲೇ. ‘ಚೋಕ್ ಎಳೆದರೆ ಓಡುತ್ತದೆ, ತಳ್ಳಿದರೆ ಆಫ್’ ಅನ್ನುವುದು ಇದರ ಖಚಿತ ಗುರುತು.

ಪೆಟ್ರೋಲ್ ಕಾಕ್ ಮುಚ್ಚಿ, ಬೌಲಿನ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ, ಕಾರ್ಬೊರೇಟರ್ ಇಳಿಸಿಕೊಳ್ಳಿ. ಬೌಲ್ ತೆಗೆದರೆ ನಡುವೆ ಎದ್ದು ಕಾಣುವುದು ಮೇನ್ ಜೆಟ್. ಅದರ ಪಕ್ಕದ ಕಿರಿದಾದ ಗುಂಡಿಯ ಒಳಗೆ ಕೂತಿರುವುದು ಪೈಲಟ್ ಜೆಟ್. ಗುಂಡಿಯ ಅಗಲಕ್ಕೆ ಸರಿಹೋಗುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತೆಗೆಯಲು ಹೋಗಬೇಡಿ. ಹಿತ್ತಾಳೆ ಮೆದು, ತಲೆ ಕಿತ್ತುಹೋದರೆ ಮತ್ತೆ ಹೊರಬರುವುದು ಕಷ್ಟ.

ಹೊರತೆಗೆದ ಜೆಟ್ ಅನ್ನು ಬೆಳಕಿಗೆ ಹಿಡಿಯಿರಿ. ಸ್ಪಷ್ಟವಾದ ದುಂಡು ಚುಕ್ಕಿ ಕಾಣಬೇಕು. ಅರ್ಧಚಂದ್ರ ಕಂಡರೆ ಅಥವಾ ಅಂಚು ಮಸುಕಾಗಿದ್ದರೆ ಅದು ಕಟ್ಟಿಕೊಂಡಂತೆಯೇ ಲೆಕ್ಕ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮಾಡಿ ಅರ್ಧ ಗಂಟೆ ಬಿಟ್ಟು, ಮೆದು ತಾಮ್ರದ ವೈರಿನ ಒಂದೇ ಒಂದು ಎಳೆ ಅಥವಾ ಸಣ್ಣ ನೈಲಾನ್ ಗಾಳದ ದಾರ ಹಾಯಿಸಿ. ಸೂಜಿ, ಪಿನ್ನು, ಸ್ಟೀಲ್ ತಂತಿ ಬೇಡ. ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಜೆಟ್ಟಿನ ನಂಬರಿಗೆ ಅರ್ಥ ಉಳಿಯುವುದಿಲ್ಲ.

ಜೆಟ್ ಒಂದನ್ನೇ ತೊಳೆದು ಮುಗಿಸಬೇಡಿ. ಏರ್ ಸ್ಕ್ರೂ ಪೂರ್ತಿ ಹೊರತೆಗೆದು ಆ ತೂತಿನೊಳಗೂ ಸ್ಪ್ರೇ ಮಾಡಿ. ಕಾರ್ಬೊರೇಟರಿನ ಬಾಯಿಯಲ್ಲಿ ಫಿಲ್ಟರ್ ಕಡೆ ಪೈಲಟ್‌ಗೆ ಗಾಳಿ ಹೋಗುವ ಒಂದು ಸಣ್ಣ ತೂತು ಇರುತ್ತದೆ. ಎಂಜಿನ್ ಕಡೆ, ಸ್ಲೈಡಿನ ಮುಂದೆ, ನೆಲದಲ್ಲಿ ಸೂಜಿಮೊನೆಯಷ್ಟು ಇನ್ನೊಂದು ತೂತು ಇರುತ್ತದೆ. ಸ್ಪ್ರೇ ಈ ಎಲ್ಲ ಕಡೆಯಿಂದಲೂ ಚಿಮ್ಮಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಯಾವ ತೂತಿನಿಂದ ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಒಂದು ಸುತ್ತಿಗಿಂತ ಕಡಿಮೆ ತೆರೆದಾಗಲೇ ಚೆನ್ನಾಗಿ ಓಡುತ್ತದೆ. ಅಥವಾ ಮೂರು ಸುತ್ತು ತೆರೆದರೂ ಸಾಲುವುದಿಲ್ಲ. ಇದೇನು?

ಏರ್ ಸ್ಕ್ರೂ ಇರುವ ಕಾರ್ಬೊರೇಟರಿನಲ್ಲಿ ಒಂದು ಸುತ್ತಿಗಿಂತ ಕೆಳಗೆ ಸರಿಹೋಗುತ್ತಿದೆ ಅಂದರೆ ಎಂಜಿನ್ ಇನ್ನಷ್ಟು ಪೆಟ್ರೋಲ್ ಕೇಳುತ್ತಿದೆ. ಪೈಲಟ್ ಜೆಟ್ ಅರ್ಧ ಕಟ್ಟಿಕೊಂಡಿರಬೇಕು, ಎಲ್ಲೋ ಗಾಳಿ ನುಸುಳುತ್ತಿರಬೇಕು, ಇಲ್ಲವೇ ಜೆಟ್ ಒಂದು ಸೈಜ್ ಸಣ್ಣದಾಗಿರಬೇಕು. ಎರಡೂವರೆ–ಮೂರು ಸುತ್ತಿಗಿಂತ ಆಚೆ ಹೋದರೆ ಪೆಟ್ರೋಲ್ ಹೆಚ್ಚಾಗಿದೆ: ಬೌಲಿನಲ್ಲಿ ಮಟ್ಟ ಏರಿರಬಹುದು, ಚೋಕ್ ಪ್ಲಂಜರ್ ಸೋರುತ್ತಿರಬಹುದು, ಫಿಲ್ಟರ್ ಧೂಳು ಕಟ್ಟಿರಬಹುದು, ಅಥವಾ ಜೆಟ್ ದೊಡ್ಡದಿರಬಹುದು. ಫ್ಯುಯೆಲ್ ಸ್ಕ್ರೂ ಆದರೆ ಇದೇ ಲೆಕ್ಕ ಉಲ್ಟಾ.

ಜೆಟ್ ಬದಲಿಸುವುದು ಎಲ್ಲಕ್ಕಿಂತ ಕೊನೆಗೆ. ಅಗ್ಗದ ರಿಪೇರಿ ಕಿಟ್‌ಗಳಲ್ಲಿ ಬರುವ ಜೆಟ್ ಮೇಲೆ ನಂಬರ್ ಸರಿ ಇದ್ದರೂ ರಂಧ್ರ ಸರಿ ಇರುತ್ತದೆ ಅನ್ನುವ ಭರವಸೆ ಇಲ್ಲ. ಗಾಡಿಯ ಜೊತೆ ಬಂದ ಹಳೆಯ ಜೆಟ್ ಹಾಳಾಗದಿದ್ದರೆ ಅದನ್ನೇ ತೊಳೆದು ಹಾಕಿ, ಎಸೆಯಬೇಡಿ.

ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಮಿಕ್ಸ್ಚರ್ ಸರಿ ಮಾಡಿದರೆ ಹೋಗುತ್ತದೆಯೇ?

ಕೇಬಲ್ ಸರಿಯಿದ್ದರೆ ಕಳ್ಳಗಾಳಿಯ ಮೇಲೆ ಅನುಮಾನ ಪಡಿ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ಪ್ಯಾಕಿಂಗ್ ಹರಿದಿದ್ದರೆ, ಓ ರಿಂಗ್ ಗಟ್ಟಿಯಾಗಿದ್ದರೆ, ರಬ್ಬರ್ ಬಿರುಕುಬಿಟ್ಟಿದ್ದರೆ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗುತ್ತದೆ. ಐಡ್ಲಿಂಗ್‌ನಲ್ಲಿ ಸೋಪಿನ ನೀರನ್ನು ಆ ಜಾಯಿಂಟಿನ ಸುತ್ತ ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ ಪರೀಕ್ಷಿಸುವವರೂ ಇದ್ದಾರೆ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ.

ಎರಡು ಬೋಲ್ಟ್ ಇರುವ ಫ್ಲೇಂಜನ್ನು ಅತಿಯಾಗಿ ಬಿಗಿದರೆ ಎರಡೂ ಕಿವಿಗಳು ಎಂಜಿನ್ ಕಡೆಗೆ ಬಾಗುತ್ತವೆ. ಆಮೇಲೆ ಎಷ್ಟು ಬಿಗಿದರೂ ನಡುವೆ ಸಂದು ಉಳಿಯುತ್ತದೆ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಬೆಳಕು ಕಾಣುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಫ್ಲೇಂಜ್ ಸಮತಟ್ಟಾಗುವವರೆಗೆ ತಿಕ್ಕಿ, ಪುಡಿಯೆಲ್ಲ ತೊಳೆದು ಕೂರಿಸಿ.

ಕೇಬಲ್ ಬದಲಿಸಿದ ದಿನದಿಂದ ರೇಸ್ ಏರಿದ್ದರೆ ಸ್ಲೈಡ್ ತಿರುಗುಮುರುಗಾಗಿ ಕೂತಿರಬಹುದು. ಅದರ ಕತ್ತರಿಸಿದ ಅಂಚು ಏರ್ ಫಿಲ್ಟರ್ ಕಡೆಗೇ ಇರಬೇಕು.

ಟೂ ಸ್ಟ್ರೋಕ್ ಗಾಡಿಗೆ ಏನಾದರೂ ಬೇರೆ ಲೆಕ್ಕ ಇದೆಯೇ?

ಕ್ರಮ ಅದೇ. ಆದರೆ ಯೆಜ್ಡಿ, ಆರ್‌ಎಕ್ಸ್ 100 ಐಡ್ಲಿಂಗ್‌ನಲ್ಲಿ ಬುಲೆಟ್‌ನ ಹಾಗೆ ಒಂದೇ ತಾಳಕ್ಕೆ ಬಡಿಯುವುದಿಲ್ಲ. ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ನಡುನಡುವೆ ಬಡಿತ ತಪ್ಪುವುದು ಅವುಗಳ ಸ್ವಭಾವ. ಆದ್ದರಿಂದ ಐಡ್ಲಿಂಗ್‌ನ ನಯಕ್ಕಿಂತ, ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಎಂಜಿನ್ ಎತ್ತಿಕೊಳ್ಳುತ್ತದೆಯೇ ಎಂಬುದನ್ನು ನೋಡಿ ನಿಲ್ಲಿಸಿ. ಅನುಮಾನ ಬಂದರೆ ಒಂಚೂರು ರಿಚ್ ಕಡೆ ಇರಲಿ. ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಓಡಿಸುವ ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ ಆಯಿಲ್ ಹೊತ್ತು ತರುವುದೂ ಪೆಟ್ರೋಲೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಬಹುದೂರ ಬರುವಾಗ ಲೀನ್ ಇದ್ದರೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ.

ಪೆಟ್ರೋಲಿಗೆ ಬೆರೆಸುವ ಟೂಟಿ (ಟೂ ಸ್ಟ್ರೋಕ್) ಆಯಿಲಿನ ಅಳತೆ ಬದಲಿಸಿದರೆ ಮಿಶ್ರಣವೂ ಬದಲಾಗುತ್ತದೆ. ಆಯಿಲ್ ಹೆಚ್ಚು ಹಾಕಿದಷ್ಟೂ ಅದೇ ಜೆಟ್ಟಿನಲ್ಲಿ ಬರುವ ಪೆಟ್ರೋಲ್ ಕಡಿಮೆ, ಅಂದರೆ ಮಿಶ್ರಣ ಲೀನ್. ಮೊದಲು ಅಳತೆ ಖಾಯಂ ಮಾಡಿಕೊಳ್ಳಿ, ಆಮೇಲೆ ಸ್ಕ್ರೂ.

ಎಷ್ಟು ಹೊಂದಿಸಿದರೂ ಒಂದು ದಿನ ಸರಿ, ಒಂದು ದಿನ ತಪ್ಪು ಅಂತಾದರೆ ಕ್ರ್ಯಾಂಕ್ ಸೀಲ್ ನೋಡಿಸಿ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಗಾಳಿ ಎಳೆದು ರೇಸ್ ತಾನಾಗಿ ಏರುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬಿಡುತ್ತದೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಇಳಿಯುತ್ತದೆ.

ರಾಜದೂತ್ 350ರಂತೆ ಎರಡು ಕಾರ್ಬೊರೇಟರ್ ಇದ್ದರೆ ಎರಡೂ ಸ್ಲೈಡ್ ಒಂದೇ ಕ್ಷಣಕ್ಕೆ ಮೇಲೇಳುವಂತೆ ಕೇಬಲ್ ಹೊಂದಿಸಿದ ಮೇಲೆಯೇ ಮಿಕ್ಸ್ಚರಿಗೆ ಬನ್ನಿ.

ಪ್ಲಗ್ಗಿನ ಬಣ್ಣ ನೋಡಿ ಹೇಳಬಹುದೇ?

ಐಡ್ಲಿಂಗ್ ಮಿಕ್ಸ್ಚರ್ ಮಟ್ಟಿಗೆ ಅಷ್ಟಾಗಿ ಇಲ್ಲ. ಊರಿಂದ ಓಡಿಸಿಕೊಂಡು ಬಂದು ತೆಗೆದ ಪ್ಲಗ್ ತೋರಿಸುವುದು ನೀಡಲ್ ಮತ್ತು ಮೇನ್ ಜೆಟ್ಟಿನ ಕಥೆ. 2000ದ ಫೆಬ್ರುವರಿಯಿಂದ ದೇಶವಿಡೀ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಹಳೆಯ ಪುಸ್ತಕಗಳಲ್ಲಿ ಹೇಳಿದ ಬಣ್ಣಗಳೂ ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಒಣ ಮಸಿ ಹತ್ತಿದ ಪ್ಲಗ್ ರಿಚ್ ಅನ್ನುತ್ತದೆ, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಅಷ್ಟನ್ನು ನಂಬಬಹುದು.

ಮಂಗಳೂರಿನಲ್ಲಿ ಹೊಂದಿಸಿದ ಗಾಡಿ ಮಡಿಕೇರಿಯಲ್ಲಿ ಯಾಕೆ ಮಂಕಾಗುತ್ತದೆ?

ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಹೋದರೆ ಗಾಳಿಯ ಸಾಂದ್ರತೆ ಸುಮಾರು ಹತ್ತನೇ ಒಂದು ಭಾಗ ಕಡಿಮೆಯಾಗುತ್ತದೆ. ಕಾರ್ಬೊರೇಟರಿಗೆ ಅದು ಗೊತ್ತಾಗುವುದಿಲ್ಲ, ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಘಟ್ಟ ಹತ್ತಿದಷ್ಟೂ ಮಿಶ್ರಣ ರಿಚ್. ಎರಡು ದಿನದ ಪ್ರವಾಸಕ್ಕಾದರೆ ಏರ್ ಸ್ಕ್ರೂ ಕಾಲು ಸುತ್ತು ಸಡಿಲಿಸಿದರೆ ಸಾಕು, ಕೆಳಗಿಳಿದ ಮೇಲೆ ಮರೆಯದೆ ಮೊದಲಿನಂತೆ ಮಾಡಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊಂದಿಸಿದ ಗಾಡಿಯನ್ನು ಕರಾವಳಿಗೆ ಕಾಯಂ ಒಯ್ಯುವವರು ಒಮ್ಮೆ ಮತ್ತೆ ಹೊಂದಿಸಲೇಬೇಕು, ಏಕೆಂದರೆ ಆಗ ಅದು ಲೀನ್ ಕಡೆಗೆ ಜಾರುತ್ತದೆ.

ಇ20 ಪೆಟ್ರೋಲಿಗೆ ಸೆಟ್ಟಿಂಗ್ ಬದಲಿಸಬೇಕೇ?

ಬದಲಿಸಬೇಕಾಗುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಸುಡಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇ. 20 ಎಥನಾಲ್ ಬೆರೆತಾಗ ಅದು ಸುಮಾರು 13.5ಕ್ಕೆ ಇಳಿಯುತ್ತದೆ, ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ. ಹಳೆಯ ಸೆಟ್ಟಿಂಗ್ ಈಗ ತುಸು ಲೀನ್ ಆಗಿರುತ್ತದೆ. ಏರ್ ಸ್ಕ್ರೂ ಕಾಲಿನಿಂದ ಅರ್ಧ ಸುತ್ತು ಒಳಗೆ ಬರುವುದು ಸಹಜ. ಐಡ್ಲಿಂಗ್ ಸರಿಹೋದರೂ ಮಧ್ಯದ ವೇಗದಲ್ಲಿ ಎಂಜಿನ್ ಕಾಯುತ್ತಿದ್ದರೆ ನೀಡಲ್ಲಿನ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ, ನೀಡಲ್ ಮೇಲೇರುತ್ತದೆ.

ಇನ್ನೊಂದು ತೊಂದರೆ ರಬ್ಬರಿನದು. ಆ ಕಾಲದ ಪೈಪು, ಓ ರಿಂಗ್, ನೀಡಲ್ ವಾಲ್ವಿನ ತುದಿ ಎಥನಾಲಿಗೆ ಉಬ್ಬುತ್ತವೆ, ಮೆತ್ತಗಾಗುತ್ತವೆ. ಎಥನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಡಿಯನ್ನು ಮೂರು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಬೌಲ್ ಖಾಲಿ ಮಾಡಿಡಿ.

ಹೊಗೆ ತಪಾಸಣೆಯಲ್ಲಿ ಫೇಲ್ ಆಗುತ್ತಿದೆ. ಸ್ಕ್ರೂ ತಿರುಗಿಸಿ ಪಾಸ್ ಮಾಡಿಸಬಹುದೇ?

ತಪಾಸಣೆ ನಡೆಯುವುದೇ ಐಡ್ಲಿಂಗ್‌ನಲ್ಲಿ, ಆದ್ದರಿಂದ ಈ ಸ್ಕ್ರೂ ಅಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 4.5, ಹೈಡ್ರೋಕಾರ್ಬನ್ 9000 ಪಿಪಿಎಂ. ಅದರ ನಂತರದ ಹಳೆ ಗಾಡಿಗಳಿಗೆ ಮಾನಾಕ್ಸೈಡ್ ಶೇ. 3.5; ಹೈಡ್ರೋಕಾರ್ಬನ್ ಟೂ ಸ್ಟ್ರೋಕ್‌ಗೆ 6000, ಫೋರ್ ಸ್ಟ್ರೋಕ್‌ಗೆ 4500.

ತಪಾಸಣೆ ಕೇಂದ್ರ ಕೊಡುವ ಚೀಟಿಯನ್ನು ಪಾಸು–ಫೇಲಿಗಷ್ಟೇ ನೋಡಬೇಡಿ, ಅದು ಕೈಗೆ ಸಿಗುವ ಅತ್ಯಂತ ಕರಾರುವಾಕ್ಕಾದ ಅಳತೆ. ಮಾನಾಕ್ಸೈಡ್ ಹೆಚ್ಚಿದ್ದರೆ ಮಿಶ್ರಣ ರಿಚ್. ಮಾನಾಕ್ಸೈಡ್ ತೀರಾ ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪೆಟ್ರೋಲ್ ಸುಡದೆ ಹೊರಬರುತ್ತಿದೆ: ಅತಿ ಲೀನ್ ಆಗಿ ಮಿಸ್ಸಿಂಗ್, ಅಥವಾ ಪ್ಲಗ್ಗಿನ ದೋಷ. ಎರಡೂ ಹೆಚ್ಚಿದ್ದರೆ ರಿಚ್ ಜೊತೆಗೆ ಕಿಡಿಯೂ ದುರ್ಬಲ ಅಂದುಕೊಳ್ಳಬಹುದು. ಕೇಂದ್ರದವರು ಒಪ್ಪಿದರೆ ಮೀಟರಿನ ಪೈಪ್ ಸೈಲೆನ್ಸರಿನಲ್ಲಿರುವಾಗಲೇ ಎಂಟನೇ ಒಂದು ಸುತ್ತಿನಂತೆ ಹೊಂದಿಸಿ. ಪ್ರತಿ ಸಲವೂ ಅಂಕಿ ನಿಲ್ಲುವವರೆಗೆ ಕಾಯಿರಿ.

ಮೈಲೇಜಿಗಾಗಿ ಲೀನ್ ಮಾಡಿದರೆ ಲಾಭವಿದೆಯೇ?

ಇಲ್ಲ. ಓಡುವಾಗಿನ ಪೆಟ್ರೋಲಿನ ಬಹುಭಾಗ ಬರುವುದು ನೀಡಲ್ ಮತ್ತು ಮೇನ್ ಜೆಟ್ಟಿನಿಂದ. ಐಡ್ಲಿಂಗ್ ಲೀನ್ ಮಾಡಿದರೆ ಬೆಳಿಗ್ಗೆ ಕಿಕ್ಕರ್ ಹೊಡೆಯುವುದು ಹೆಚ್ಚುತ್ತದೆ, ಪಿಕಪ್ ಮುಗ್ಗರಿಸುತ್ತದೆ, ಅದನ್ನು ಮರೆಮಾಚಲು ಆಕ್ಸಿಲರೇಟರ್ ಹೆಚ್ಚು ತಿರುವುತ್ತೀರಿ.

ಮಾರುತಿ 800, ಪದ್ಮಿನಿಯಂಥ ಕಾರಿಗೂ ಇದೇ ಕ್ರಮವೇ?

ತತ್ವ ಅದೇ, ಆದರೆ ಆ ಕಾರುಗಳಲ್ಲಿರುವುದು ಎಂಜಿನ್ ಬದಿಯ ಸ್ಕ್ರೂ: ಸಡಿಲಿಸಿದರೆ ರಿಚ್. ಎ.ಸಿ., ಹೆಡ್‌ಲೈಟ್, ಫ್ಯಾನ್ ಎಲ್ಲ ಆಫ್ ಇರಲಿ, ರೇಡಿಯೇಟರ್ ಫ್ಯಾನ್ ತಿರುಗುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ. ಕಾರ್ಬೊರೇಟರ್ ಇರುವ ಮಾರುತಿ 800ರಲ್ಲಿ ಐಡ್ಲಿಂಗ್ ಪೂರ್ತಿ ಸತ್ತಿದ್ದರೆ ಸ್ಕ್ರೂಗಿಂತ ಮೊದಲು ಪೆಟ್ರೋಲ್ ತಡೆಯುವ ಸೊಲೆನಾಯ್ಡ್ ನೋಡಿ. ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು, ಅನ್ನದಿದ್ದರೆ ಅದರ ವೈರ್ ಕಳಚಿರಬಹುದು. ಈ ಎಂಜಿನ್ನುಗಳಲ್ಲಿ ವ್ಯಾಕ್ಯೂಮ್ ಪೈಪುಗಳೂ ಕಳ್ಳಗಾಳಿಗೆ ದಾರಿ, ಒಂದೊಂದನ್ನೇ ಬೆರಳಿಂದ ಮಡಚಿ ನೋಡಿ.

ಸ್ಕ್ರೂವಿನ ತುದಿ ಮುರಿದು ಒಳಗೆ ಸಿಕ್ಕಿಕೊಂಡಿದೆ. ಏನು ಮಾಡುವುದು?

ತಳ ತಾಗಿದ ಮೇಲೂ ಬಿಗಿದರೆ ಆಗುವುದು ಇದೇ. ಮುರಿಯದಿದ್ದರೂ ತುದಿಯ ಸುತ್ತ ಉಂಗುರದಂಥ ಗೀರು ಬೀಳುತ್ತದೆ. ಗೀರು ಬಿದ್ದ ಸ್ಕ್ರೂ ನಯವಾಗಿ ಹೊಂದುವುದಿಲ್ಲ, ಕಾಲು ಸುತ್ತಿಗೆ ಒಮ್ಮೆಲೇ ಜಿಗಿಯುತ್ತದೆ. ಹೊಸದು ಹಾಕಿ. ತುದಿ ಒಳಗೇ ಉಳಿದಿದ್ದರೆ ಎದುರು ಬದಿಯ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಹೊರದಬ್ಬಲು ನೋಡಿ. ಹೊರಡದಿದ್ದರೆ ಡ್ರಿಲ್ ಹಾಕಲು ಹೋಗಬೇಡಿ, ಕಾರ್ಬೊರೇಟರ್ ಮೈಯೇ ಹಾಳಾಗುತ್ತದೆ. ಕಾರ್ಬೊರೇಟರ್ ಕೆಲಸವನ್ನೇ ಮಾಡುವವರ ಕೈಗೆ ಕೊಡಿ.

ಫ್ಯುಯೆಲ್ ಸ್ಕ್ರೂ ಬಿಚ್ಚಿದಾಗ ಸಣ್ಣ ಸ್ಪ್ರಿಂಗ್, ವಾಷರ್, ಓ ರಿಂಗ್ ಮೂರೂ ಬಂದವೇ ನೋಡಿ. ಓ ರಿಂಗ್ ಹಲವು ಸಲ ತೂತಿನ ತಳದಲ್ಲೇ ಉಳಿದುಬಿಡುತ್ತದೆ. ಮತ್ತೆ ಹಾಕುವಾಗ ಸ್ಕ್ರೂ ಮೇಲೆ ಮೊದಲು ಸ್ಪ್ರಿಂಗ್, ನಂತರ ವಾಷರ್, ಚೂಪು ತುದಿಯ ಕಡೆಗೆ ಓ ರಿಂಗ್. ವಾಷರ್ ಬಿಟ್ಟುಹೋದರೆ ಸ್ಪ್ರಿಂಗ್ ಓ ರಿಂಗನ್ನು ಕೊಯ್ದು ಹಾಕುತ್ತದೆ, ಅಲ್ಲಿಂದಲೂ ಗಾಳಿ ನುಸುಳುತ್ತದೆ.

ಎಷ್ಟು ದಿನಕ್ಕೊಮ್ಮೆ ಹೊಂದಿಸಬೇಕು?

ದಿನ ಲೆಕ್ಕ ಇಟ್ಟುಕೊಂಡು ಮಾಡುವ ಕೆಲಸ ಇದಲ್ಲ. ಫಿಲ್ಟರ್, ಸೈಲೆನ್ಸರ್, ಜೆಟ್ ಬದಲಿಸಿದಾಗ, ಕಾರ್ಬೊರೇಟರ್ ಬಿಚ್ಚಿ ತೊಳೆದಾಗ, ಊರು ಬದಲಾಗಿ ಎತ್ತರ ಬದಲಾದಾಗ ಮಾಡಿ. ಏನೂ ಬದಲಿಸದೆ ಸೆಟ್ಟಿಂಗ್ ತಾನಾಗಿ ತಪ್ಪಿದ್ದರೆ ಮೊದಲು ಸ್ಕ್ರೂವಿನ ಸ್ಪ್ರಿಂಗ್ ಬಿಗಿ ಕಳೆದುಕೊಂಡು ಅದುರುವಿಕೆಗೆ ಸ್ಕ್ರೂ ತಿರುಗಿದೆಯೇ ಎಂದು ಹೊಂದಿಸಿ ಮುಗಿಸಿದಾಗ ಚೀಟಿಯಲ್ಲಿ ಬರೆದಿಟ್ಟ ಸುತ್ತಿನ ಲೆಕ್ಕದೊಂದಿಗೆ ಹೋಲಿಸಿ. ಲೆಕ್ಕ ಸರಿಯಿದ್ದರೆ ಸ್ಕ್ರೂ ಹಾಗೇ ಬಿಟ್ಟು ಜೆಟ್, ಪ್ಯಾಕಿಂಗ್, ಪ್ಲಗ್ ಕಡೆ ಹುಡುಕಿ.